ಅಕ್ಕೋರು ಅಗೆದ ನೆಲ

ಯಾರ ಮನೆಗೆ ಹೋದರೂ ಅವರು ಮೊದಲು ನೆಲ ನೋಡುತ್ತಿದ್ದರು. ಮನೆಯವರ ಮುಖ ಆಮೇಲೆ. ಚೆಂಬೂರಿನ ಬಿಲ್ಡಿಂಗಿನಲ್ಲಿ ಮೊದಲ ಸಲ ನಮ್ಮ ಮನೆಗೆ ಬಂದಾಗ ಬಾಗಿಲಲ್ಲೇ ನಿಂತು, ಹೊಸ್ತಿಲಿನ ಒಳಗಡೆ ಒಂದು ಜಾಗವನ್ನೇ ದಿಟ್ಟಿಸತೊಡಗಿದರು. ಏನೋ ಚೆಲ್ಲಿದೆ ಎಂದುಕೊಂಡು ನನ್ನ ಅಮ್ಮ ಒರಸುವ ಬಟ್ಟೆ ಹಿಡಿದು ಓಡಿ ಬಂದರು.

"ಅಯ್ಯ, ಬ್ಯಾಡ್ರಿ, ಒರಸಬ್ಯಾಡ್ರಿ," ಎಂದು ಅವರು ನಕ್ಕರು. "ಇಲ್ಲೆ ಮೊದಲ ಒಂದು ಗ್ವಾಡಿ ಇತ್ರಿ. ಗೆರಿ ಕಾಣ್ತೈತಿ ನೋಡ್ರಿ. ನೀವು ಬರೂಕಿಂತ ಮೊದಲ ಇಲ್ಲಿ ಎರಡು ಸಂಸಾರ ಇದ್ವು."

ಉಡುಪಿ ಕಡೆಯವರಾದ ನನ್ನ ಅಮ್ಮನಿಗೆ ಈ ಮಾತು ಅರ್ಧಂಬರ್ಧ ತಿಳಿಯಿತು. "ಎಂಥದಂತೆ ಮಗಾ, ಎರಡು ಸಂಸಾರ ಅಂದರೆ ಯಾರಿಗೆ?" ಎಂದು ಗಾಬರಿಯಿಂದ ನನ್ನನ್ನು ಕೇಳಿದರು.

ಹೋದ ತಿಂಗಳು ಧಾರವಾಡದಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ ಆ ಭಂಗಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳಹೊರಟಿರುವುದು ಮುಂಬಯಿಯ ಕುರ್ಲಾದ ಒಂದು ಚಾಳಿನ ಕತೆ, ಮತ್ತು ಆ ಚಾಳಿನಲ್ಲಿ ಯಾರೂ ಅವರ ಹೆಸರು ಹೇಳುತ್ತಿರಲಿಲ್ಲ. ಅವರ ಕಡೆ ಶಾಲೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಚಾಳಿನವರೂ ಹಾಗೇ ಕರೆದರು. ಆಮೇಲೆ ನಾನೂ ಹಾಗೇ ಕರೆದೆ.

ಅವರು ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಧಾರವಾಡದಲ್ಲಿ ಓದುವಾಗ ರಾಯಚೂರು, ಬಳ್ಳಾರಿ ಕಡೆಯ ಬೂದಿದಿಬ್ಬಗಳಲ್ಲಿ ಉತ್ಖನನಕ್ಕೆ ಹೋದವರು. ಮದುವೆಯಾಗಿ ಮುಂಬಯಿಗೆ, ನಾವಿದ್ದ ಬಿಲ್ಡಿಂಗಿಗೇ ಬಂದರು. ಗಂಡ ರಿಫೈನರಿಯಲ್ಲಿ; ಮೆತ್ತನೆ ಮಾತಿನ ಮನುಷ್ಯ. ಹೆಂಡತಿ ಮಣ್ಣು ಮೆತ್ತಿಕೊಂಡು ಬಂದ ದಿನ ಏನೂ ಕೇಳದೆ ಚಹಾಕ್ಕೆ ನೀರಿಡುತ್ತಿದ್ದರು. ಮುಂಬಯಿಯಲ್ಲಿ ಅಗೆಯಲಿಕ್ಕೆ ಏನಿದೆ ಎಂದು ಬೇರೆಯವರು ಕೇಳಿದರೆ ಅಕ್ಕೋರ ಉತ್ತರ ಒಂದೇ: "ಮಂದಿ ಎಲ್ಲಿ ಉಂಡು ಮಲಗ್ಯಾರೋ ಅಲ್ಲಿ ಅಗೀಬೇಕು."

ಗಿರಣಿ ಕಾರ್ಮಿಕರು ಉಂಡು ಮಲಗಿದ ಕೋಣೆಗಳು ಅವರ ಕಣ್ಣಿಗೆ ಬಿದ್ದಿದ್ದವು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಹಳೆಯ ಚಾಳುಗಳು ಪ್ರತಿ ಮಳೆಗಾಲಕ್ಕೂ ಕುಸಿಯತೊಡಗಿದ್ದವು. ಕುಸಿದ ಜಾಗಕ್ಕೆ ಕಾಲಿಗೆ ಕ್ಯಾನ್‌ವಾಸ್ ಬೂಟು ಹಾಕಿಕೊಂಡು, ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಬಿಗಿದು ಇವರು ಹಾಜರು. ಕೈಚೀಲದಲ್ಲಿ ಗಾರೆಯವರ ಕರಣೆ, ಬಣ್ಣ ಬಳಿಯುವ ಬ್ರಶ್ಶು, ನೂಲಿನ ಉಂಡೆ, ಒಂದು ಪೊಟ್ಟಣ ಹುರಿದ ಶೇಂಗಾ. ಕಾಲೇಜಿನಲ್ಲಿ ಸಹೋದ್ಯೋಗಿಗಳು "ಮೇಡಂ ಕಸ ಅಗೆಯುತ್ತಾರೆ" ಎಂದು ನಗುತ್ತಿದ್ದರಂತೆ. ಒಮ್ಮೆ ಫೋರ್ಟಿನ ಮ್ಯೂಸಿಯಂ ಕಡೆಯಿಂದ ದೊಡ್ಡ ವಿದ್ವಾಂಸರೊಬ್ಬರು ಬಂದು ಇವರು ಕೂಡಿಟ್ಟಿದ್ದ ಬಳೆಚೂರು, ನೂಲಿನ ಕಂಡಿಕೆ, ಒಲೆಯ ತುಂಡುಗಳನ್ನು ನೋಡಿ, ಸಾವಿರ ವರ್ಷ ಹಳೆಯದು ಏನಾದರೂ ಸಿಕ್ಕರೆ ತಿಳಿಸಿ ಎಂದು ಹೇಳಿ ಹೊರಟರು. ಅಕ್ಕೋರು ಬಾಗಿಲವರೆಗೂ ಹೋಗಿ ಬೀಳ್ಕೊಟ್ಟರು. "ಸಾವಿರ ವರ್ಷ ಕಾಯಾಕ ನನಗ ಟೈಮಿಲ್ರಿ ಸರ್. ಬರೂ ಮಳಿಗಾಲಕ್ಕ ಈ ನೆಲಾನ ಇರೂದಿಲ್ಲ."

ನಾನು ಆಗ ಚೆಂಬೂರಿನ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ಒಂದು ಭಾನುವಾರ ಹಾಲಿನ ಬಾಟಲಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಅಡ್ಡ ನಿಂತರು.

"ನೀವು ಡ್ರಾಯಿಂಗ್ ಮಾಡ್ತೀರಂತ?"

"ಹೌದು ಮೇಡಂ. ಮೆಶೀನಿನ ಪಾರ್ಟ್ಸಿನದ್ದು."

"ಒಲಿ ಬರೀತೀರೇನು?"

ಎಂಥ ಒಲೆ, ಯಾಕೆ ಎಂದು ಕೇಳುವ ಮೊದಲೇ ನಾನು ಹಾರ್ಬರ್ ಲೈನಿನ ಲೋಕಲಿನಲ್ಲಿ ಅವರ ಎದುರು ಕುಳಿತು ಶೇಂಗಾ ತಿನ್ನುತ್ತಿದ್ದೆ.

ಕುರ್ಲಾದ ಆ ಚಾಳು ಮೂರು ಮಾಳಿಗೆಯದು. ಅದರ ಹಿಂದೆ, ಗಟಾರದ ದಡದಲ್ಲಿ, ಒಂದೇ ಗೋಡೆಗೆ ಆತುಕೊಂಡ ಒಂದು ಸಾಲು ಕೋಣೆಗಳು. ಮಾಲೀಕ ಎಲ್ಲವನ್ನೂ ಕೆಡವಿ ಹೊಸ ಬಿಲ್ಡಿಂಗ್ ಕಟ್ಟುವವನಿದ್ದ. ಮುಂದಿನ ಚಾಳಿನವರಿಗೆ ಬದಲಿ ಕೋಣೆ ಸಿಗುತ್ತಿತ್ತು. ಹಿಂದಿನ ಸಾಲಿನವರಿಗೆ ಇಲ್ಲ. ಅದು ಮನೆಯೇ ಅಲ್ಲ, ಗಿರಣಿಯ ಗಾಡಿ ಎಳೆಯುವ ಕುದುರೆಗಳ ಲಾಯ, ಆಮೇಲೆ ಗೋಡೌನು; ಈ ಜನ ಮೊನ್ನೆ ಮೊನ್ನೆ ನುಗ್ಗಿ ಕುಳಿತವರು ಎಂದು ಮಾಲೀಕನ ಲೆಕ್ಕ ಬರೆಯುವ ಮುನೀಮ ಮುನಸಿಪಾಲ್ಟಿಗೆ ಹೇಳಿದ್ದ. ಹಿಂದಿನ ಸಾಲಿನವರಿಗೆ ಮಾಲೀಕ ಯಾವತ್ತೂ ಬಾಡಿಗೆಯ ರಸೀದಿ ಕೊಟ್ಟವನೇ ಅಲ್ಲ. ತೋರಿಸಲು ಅವರ ಕೈಯಲ್ಲಿ ಏನೂ ಇರಲಿಲ್ಲ.

ಆ ಸಾಲಿನ ಮುಖಂಡ ಪರಸಪ್ಪ. ಬೆಳಗಾವಿ ಕಡೆಯವನು, ಗಿರಣಿಯಲ್ಲಿ ಮಗ್ಗ ನಡೆಸುವವನು. ಅವನ ಮಗಳು ಅಕ್ಕೋರ ಕ್ಲಾಸಿನಲ್ಲಿದ್ದಳು. ಅವಳಿಂದಲೇ ಇವರಿಗೆ ವಿಷಯ ತಿಳಿದದ್ದು. "ನಮ್ಮಪ್ಪ ಇದ ಖೋಲ್ಯಾಗ ಸತ್ತಾನ್ರಿ ಅಕ್ಕೋರ," ಎಂದ ಪರಸಪ್ಪ. "ನಾ ಇಲ್ಲೇ ಹುಟ್ಟೀನಿ. ಬಾಯಿಲೆ ಹೇಳಿದ್ರ ಸಾಹೇಬ ಸಬೂತ್ ಲಾವ್, ಪುರಾವೆ ತಾ ಅಂತಾನ."

"ಬಾಯಿ ಬ್ಯಾಡ. ನೆಲಾ ಕೇಳೂಣು," ಎಂದರು ಅಕ್ಕೋರು.

ಸಾಲಿನ ನಡುವೆ ಮಳೆಗೆ ಮಾಡು ಬಿದ್ದು ಖಾಲಿಯಾದ ಕೋಣೆಯೊಂದಿತ್ತು. ಅಲ್ಲಿ ಗೂಟ ಹೊಡೆದು, ನೂಲು ಕಟ್ಟಿ ಅಗೆಯಲು ಕೂತರು. ಮುನೀಮ ಕೂಗಾಡುತ್ತ ಬಂದ. ಅಕ್ಕೋರು ಕರಣೆ ಕೆಳಗಿಡದೆ ತಮ್ಮ ಧಾರವಾಡದ ಹಿಂದಿಯಲ್ಲಿ ಅವನನ್ನೇ ಕೇಳಿದರು: ಇದು ಮನೆಯೇ ಅಲ್ಲ ಎನ್ನುತ್ತೀರಲ್ಲ, ಹಾಗಿದ್ದ ಮೇಲೆ ನೆಲ ಅಗೆದರೆ ನಿಮಗೇನು ತೊಂದರೆ? ಅವನು ಗೊಣಗುತ್ತ ಬಂದ ದಾರಿ ಹಿಡಿದ.

ಅವರು ಅಗೆಯುವುದನ್ನು ನೋಡಬೇಕಿತ್ತು. ಗುದ್ದಲಿ ಅಲ್ಲ, ಕರಣೆಯ ಅಂಚಿನಿಂದ ಕೆರೆದು ಕೆರೆದು ತೆಗೆಯುವುದು. ಸೆಗಣಿ ಸಾರಿಸಿದ ನೆಲದ ಕೆಳಗೆ ಇನ್ನೊಂದು ಸಾರಿಸಿದ ನೆಲ, ಅದರ ಕೆಳಗೆ ಮತ್ತೊಂದು, ದೋಸೆಯ ಮೇಲೆ ದೋಸೆ ಇಟ್ಟ ಹಾಗೆ. ಮೂಲೆಯಲ್ಲಿ ಮೇಲೆ ಸೀಮೆಎಣ್ಣೆಯ ಜಿಡ್ಡು, ಅದರ ಕೆಳಗೆ ಕಲ್ಲಿದ್ದಲಿನ ಸಿಗಡಿ ಒಲೆ ಇಟ್ಟು ಸುಟ್ಟ ದುಂಡನೆಯ ಗುರುತು, ಇನ್ನೂ ಕೆಳಗೆ ಸೌದೆ ಉರಿಸಿದ ಮಣ್ಣಿನ ಒಲೆ. ಎಲ್ಲವೂ ಅದೇ ಮೂಲೆಯಲ್ಲಿ. ಕೋಣೆಗೆ ಬಂದ ಪ್ರತಿ ಹೆಂಗಸೂ ಗಾಳಿ ಎಲ್ಲಿಂದ ಬರುತ್ತದೆಂದು ನೋಡಿ ಒಲೆಯನ್ನು ಅಲ್ಲೇ ಇಟ್ಟಿದ್ದಳು. ನಾನು ಒಂದೊಂದನ್ನೂ ಅಳೆದು ಕಾಗದಕ್ಕೆ ಇಳಿಸುತ್ತಿದ್ದೆ. ಸಾಲಿನ ಹೆಂಗಸರು ನೀರಿನ ಕೊಡ ಇಳಿಸಿ ಇಣುಕುತ್ತಿದ್ದರು. ಒಂದು ಹಸಿರು ಬಳೆಚೂರು ಸಿಕ್ಕಾಗ ಮುದುಕಿಯೊಬ್ಬಳು ಅದನ್ನು ಕೈಗೆ ತೆಗೆದುಕೊಂಡು, "ಇಂಥಾ ಬಳಿ ಈಗ ಬರೂದಿಲ್ಲವಾ," ಎಂದು ಹಿಂದಿರುಗಿಸಿದಳು.

ಆದರೆ ಒಲೆಗಳೆಲ್ಲ ಮುಗಿದ ಮೇಲೆ, ತೀರ ಕೆಳಗೆ, ಕರಣೆ ಕಲ್ಲಿಗೆ ತಾಗಿತು. ಸಾಲಾಗಿ ಜೋಡಿಸಿದ ಕಲ್ಲುಹಾಸು. ಗಂಜಲ ಹರಿಯಲು ಕೊರೆದ ಕಾಲುವೆ. ಗೋಡೆಯ ಬುಡದಲ್ಲಿ ತುಕ್ಕು ಹಿಡಿದ ಕಬ್ಬಿಣದ ಬಳೆ.

"ಲಾಯ," ಎಂದರು ಅಕ್ಕೋರು.

ಪರಸಪ್ಪ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ನೋಡಿದ. ಆಮೇಲೆ ಸುತ್ತ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಮುಚ್ಚಿ ಬಿಡ್ರಿ ಅಕ್ಕೋರ. ಒಲಿ ಮಟಾ ಸಾಕು. ಅದರ ಕೆಳಗ ಯಾಂವ ನೋಡ್ತಾನ?"

"ನಾ ನೋಡೀನಲ್ಲ."

"ಮುನೀಮ ಹೇಳಿದ್ದ ಖರೇ ಆತಂದ್ರ ನಮ್ಮ ಗತಿ?"

"ಅವ ಹೇಳಿದ್ದು ಅರ್ಧ ಖರೇ. ನೀವು ಹೇಳಿದ್ದು ಅರ್ಧ ಖರೇ. ನೆಲಾ ಯಾರ ಪಾರ್ಟೀನೂ ಅಲ್ಲ ಪರಸಪ್ಪ. ಇವತ್ತು ನಾ ಇದನ್ನ ಮುಚ್ಚಿದ್ರ, ನಾಳೆ ಒಲಿ ತೋರಿಸಿದಾಗ ನನ್ನ ಯಾರು ನಂಬ್ತಾರ?"

ಪರಸಪ್ಪ ಎದ್ದು ಹೋದ. ಎರಡು ವಾರ ಅವರೊಂದಿಗೆ ಮಾತಾಡಲಿಲ್ಲ. ಅಕ್ಕೋರು ಕಬ್ಬಿಣದ ಬಳೆಯನ್ನು ಬ್ರಶ್ಶಿನಿಂದ ಉಜ್ಜಿ, ನೋಡುವವರಿಗೆ ಚೆನ್ನಾಗಿ ಕಾಣುವ ಹಾಗೆ ಮಾಡಿಟ್ಟರು.

ಮುನಸಿಪಾಲ್ಟಿಯ ಇಂಜಿನಿಯರ ಬಂದ ದಿನ ಮುನೀಮ ನಗುತ್ತ ಜೊತೆಗೆ ಬಂದಿದ್ದ. ಅಕ್ಕೋರು ಮಾತು ಶುರು ಮಾಡಿದ್ದೇ ಲಾಯದಿಂದ. ಮುನೀಮನ ನಗು ಇನ್ನೂ ಅಗಲವಾಯಿತು. ಆಮೇಲೆ ಅವರು ಕೆಳಗಿನಿಂದ ಮೇಲಕ್ಕೆ ಬಂದರು. ಲಾಯದ ಕಲ್ಲಿನ ಮೇಲೆ ಹೊರಗಿನಿಂದ ತಂದು ತುಂಬಿದ ಮಣ್ಣು, ಅದರ ಮೇಲೆ ಮೊದಲ ಒಲೆ, ಮೇಲೊಂದು ನೆಲ, ಮತ್ತೊಂದು ಒಲೆ. ನಡುವೆ ಎಲ್ಲಿಯೂ ಗೋಡೌನಿನ ಒಂದು ಮೊಳೆ, ಒಂದು ಗೋಣಿತಟ್ಟಿನ ಎಳೆಯೂ ಇಲ್ಲ. ಇಂಜಿನಿಯರ ಪ್ಯಾಂಟು ಮಡಚಿ ಗುಂಡಿಗೆ ಇಳಿದರು. ಸುಟ್ಟ ದುಂಡಗಿನ ಗುರುತನ್ನು ಬೆರಳಿನಿಂದ ಮುಟ್ಟಿ, "ಸಿಗಡಿ ನಾ?" ಎಂದರು. "ನಮ್ಮ ಅಜ್ಜಿಯ ಮನೆಯಲ್ಲೂ ನೆಲ ಹೀಗೇ ಕಪ್ಪಾಗಿತ್ತು," ಎಂದು ಮರಾಠಿಯಲ್ಲಿ ಹೇಳಿಕೊಂಡರು. ಮುನೀಮನ ಮುಖ ಆಗ ಬದಲಾಯಿತು.

ಆದರೆ ಇಂಜಿನಿಯರ ಒಂದು ಕೋಣೆಯಿಂದ ಇಡೀ ಸಾಲನ್ನು ನಿರ್ಧರಿಸಲು ಒಪ್ಪಲಿಲ್ಲ. ಎರಡೂ ತುದಿಯಲ್ಲಿ ಅಗೆದು ತೋರಿಸಿ ಎಂದರು. ಮೊದಲ ತುದಿ ಪರಸಪ್ಪನ ಮನೆ. ಅಲ್ಲಿ ಒಲೆಯ ಮೇಲೆ ಒಲೆ ಸಿಕ್ಕಿತು. ಅವನಿಗೂ ಅಕ್ಕೋರಿಗೂ ಮಾತು ಮತ್ತೆ ಶುರುವಾಯಿತು. ಕೊನೆಯ ತುದಿ ನಾಗಮ್ಮನ ಕೋಣೆ.

ನಾಗಮ್ಮ ಕಲಬುರ್ಗಿ ಕಡೆಯವಳು. ಗಂಡ ಕಲ್ಲು ಒಡೆಯುವ ಕೆಲಸಕ್ಕೆ ಹೋಗುತ್ತಿದ್ದ, ಇವಳು ರಸ್ತೆ ಕೆಲಸಕ್ಕೆ. ಎರಡು ಸಣ್ಣ ಮಕ್ಕಳು. ಇಡೀ ಸಾಲಿನಲ್ಲಿ ಅವಳಷ್ಟು ನುಣ್ಣಗೆ ನೆಲ ಸಾರಿಸುವವರು ಇರಲಿಲ್ಲ. ಅವಳೇ ಸ್ಟವ್ ಹೊರಗಿಟ್ಟು, ಹಾಸಿಗೆ ಸುತ್ತಿ, ಜಾಗ ಮಾಡಿಕೊಟ್ಟಳು. "ಅಗೀರಿ ಅಕ್ಕೋರ. ನಂದೂ ಮನಿ ಅದ ಅಂತ ಬರದು ಕೊಡ್ರಿ."

ಅವಳ ನೆಲದ ಕೆಳಗೆ ಇನ್ನೊಂದು ನೆಲ ಇರಲಿಲ್ಲ. ಒಂದೇ ಪದರ, ಬೆರಳ ದಪ್ಪದ್ದು. ಅದರ ಕೆಳಗೆ ಗಿರಣಿಯ ಬಾಯ್ಲರಿನಿಂದ ತಂದು ಸುರಿದ ಕಲ್ಲಿದ್ದಲಿನ ಕಿಟ್ಟ. ಅಕ್ಕೋರು ಒಂದು ಮೂಲೆ ಬಿಟ್ಟು ಇನ್ನೊಂದು ಮೂಲೆ ನೋಡಿದರು. ಗೋಡೆಯ ಬುಡ ಬಿಡಿಸಿ ನೋಡಿದರು. ಸಾಲಿನ ಉದ್ದದ ಹಳೆಯ ಗೋಡೆ ಈ ಕೋಣೆ ಶುರುವಾಗುವ ಮೊದಲೇ ಮುಗಿದಿತ್ತು. ಇದನ್ನು ಆಮೇಲೆ ಯಾರೋ ಅದಕ್ಕೆ ಆನಿಸಿ ಕಟ್ಟಿದ್ದರು. ಮಧ್ಯಾಹ್ನವೆಲ್ಲ ಅವರು ಶೇಂಗಾ ಮುಟ್ಟಲಿಲ್ಲ.

ಪರಸಪ್ಪ ಬಂದು ಇಣುಕಿ ಒಂದೇ ನೋಟಕ್ಕೆ ತಿಳಿದುಕೊಂಡ. ಅಷ್ಟು ಹೊತ್ತಿಗೆ ಅವನಿಗೂ ನೆಲ ಓದಲು ಬರುತ್ತಿತ್ತು. "ನನ್ನ ಮನ್ಯಾಗಿನ ಬೂದಿ ಒಂದು ಬುಟ್ಟಿ ತಂದು ಹಾಕ್ಲ್ಯಾ? ಬಡವಿ ಐತ್ರಿ. ಪುಣ್ಯಾ ಬರ್ತದ."

ಅಕ್ಕೋರು ಅವನನ್ನು ನೋಡಿದರು. ಸಿಟ್ಟಿರಲಿಲ್ಲ. "ಹಾಕಿದ್ರ ಅಷ್ಟೂ ಖೋಲಿ ಸುಳ್ಳಾಗ್ತಾವ ಪರಸಪ್ಪ. ಮುನೀಮ ಅದನ್ನ ಕಾಯಾಕತ್ತಾನ."

"ಹಂಗಾರ ಆಕೀಗಿ ಯಾರು ಹೇಳವ್ರು?"

"ನಾ ಹೇಳ್ತೀನಿ. ಸಾಹೇಬ ಬರೂಕಿಂತ ಮೊದಲ."

ಸಂಜೆ ನಾಗಮ್ಮ ಕೆಲಸದಿಂದ ಬಂದಳು. ಅಕ್ಕೋರು ಗುಂಡಿಯಿಂದ ಎದ್ದು ಬಂದು ಅವಳೆದುರು ನೆಲಕ್ಕೆ ಕುಳಿತರು. ಸುತ್ತಿ ಬಳಸದೆ ಹೇಳಿದರು: ಈ ಕೋಣೆ ಹೊಸದು, ಇದಕ್ಕೆ ಬದಲಿ ಕೋಣೆ ಸಿಗುವುದಿಲ್ಲ, ಕೇಳಿದರೆ ನಾನು ಹಾಗೇ ಹೇಳಬೇಕಾಗುತ್ತದೆ.

"ಮತ್ತ ಅಗದಿದ್ದು ಯಾಕ್ರಿ?" ನಾಗಮ್ಮ ಕೇಳಿದಳು. "ನೀವು ಬರಲಾರದಿದ್ರ ಯಾರಿಗಿ ಗೊತ್ತಾಗ್ತಿತ್ತು?"

ಅಕ್ಕೋರು ಕೈಗೆ ಮೆತ್ತಿದ ಕಿಟ್ಟವನ್ನು ಸೆರಗಿಗೆ ಒರಸಿಕೊಂಡರು.

"ನನ್ನ ನೆಲಾ ಮೊದಲಿನಂಗ ಮಾಡಿ ಕೊಡ್ರಿ. ನನ್ನ ಮಕ್ಕಳು ಮಲಗಬೇಕು."

ನಾನು ಮಣ್ಣು ತುಂಬಲು ಎದ್ದೆ. ಅಕ್ಕೋರು ನನ್ನನ್ನು ತಡೆದು ತಾವೇ ತುಂಬಿದರು, ತುಳಿದು ಗಟ್ಟಿ ಮಾಡಿದರು. ಯಾರದೋ ಮನೆಯಿಂದ ಸೆಗಣಿ ತಂದು ಕಲಸಿ, ಮೊಣಕಾಲೂರಿ ಸಾರಿಸಿದರು. ನಾಗಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಮುಗಿದ ಮೇಲೆ ಒಳಗೆ ಬಂದು, ಒಂದು ಕಡೆ ಗಂಟಾಗಿದ್ದ ಜಾಗವನ್ನು ತನ್ನ ಅಂಗೈಯಿಂದ ಮತ್ತೆ ಸವರಿ ಸಮ ಮಾಡಿದಳು.

ಲೋಕಲಿನಲ್ಲಿ ಹಿಂತಿರುಗುವಾಗ ನಾನು ಹೇಳಿದೆ, "ನೀವು ಬೇರೆ ಏನು ಮಾಡ್ಲಿಕ್ಕಿತ್ತು ಮೇಡಂ? ಇದ್ದದ್ದು ಇದ್ದ ಹಾಗೆ ಹೇಳಿದಿರಿ."

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. "ಇದ್ದದ್ದು ಹೇಳೂದು ಅರ್ಧ ಕೆಲಸ ರೀ. ಆಮ್ಯಾಲ ಎದ್ದು ಹೋಗಬಾರದು."

ಇಂಜಿನಿಯರ ಮತ್ತೆ ಬಂದು ನೋಡಿದರು. ಮುನೀಮ ಏನೆಲ್ಲ ಕೇಳಿದರೂ, ಲಾಯವನ್ನೂ ಕೊನೆಯ ಕೋಣೆಯನ್ನೂ ತಾವಾಗಿ ತೋರಿಸಿದ ಹೆಂಗಸನ್ನು ಸುಳ್ಳಿ ಎನ್ನಲು ಅವನಿಗೆ ದಾರಿಯೇ ಉಳಿದಿರಲಿಲ್ಲ. ಹಿಂದಿನ ಸಾಲಿಗೆಲ್ಲ ಬದಲಿ ಕೋಣೆಗಳು ಮಂಜೂರಾದವು, ನಾಗಮ್ಮನದೊಂದನ್ನು ಬಿಟ್ಟು. ಮಳೆ ನಿಂತ ಮೇಲೆ ಕೆಡವಿದರು. ಪರಸಪ್ಪ ಟ್ರಕ್ಕಿನಲ್ಲಿ ಸಾಮಾನು ಹೇರಿಕೊಂಡು ಹೊರಡುವಾಗ ಅಕ್ಕೋರ ಕಾಲಿಗೆ ಬಿದ್ದ. ಅವರು ಅವನನ್ನು ಎಬ್ಬಿಸುತ್ತಲೇ ಗಟಾರದ ಆಚೆ ನೋಡುತ್ತಿದ್ದರು. ಅಲ್ಲಿ ನಾಗಮ್ಮ ಸೇತುವೆಯ ಗೋಡೆಗೆ ಗೋಣಿತಟ್ಟು ಕಟ್ಟಿಕೊಂಡು ಸ್ಟವ್ ಹಚ್ಚುತ್ತಿದ್ದಳು.

ಮರುವಾರವೇ ಅಕ್ಕೋರು ಅವಳನ್ನು ಮಕ್ಕಳ ಸಮೇತ ತಮ್ಮ ಮನೆಗೆ ಕರೆದರು. ಬಿಲ್ಡಿಂಗಿನವರು ಗೊಣಗಿದರು; ಅದಕ್ಕೆ ಅವರು ಕಿವಿಗೊಡಲಿಲ್ಲ. ಬೇಡವೆಂದದ್ದು ನಾಗಮ್ಮನೇ. "ನಿಮ್ಮ ಮನ್ಯಾಗ ಇರ್ಲಕ್ಕ ನಾ ಒಲ್ಲೆ. ನಿಮ್ಮ ಭಾಂಡಿ ತಿಕ್ಕೋಳಾಗ್ತೀನಿ. ನನಗ ನನ್ನ ಮನಿ ಬೇಕು."

"ಅದೂ ಖರೇನ," ಎಂದರು ಅಕ್ಕೋರು. ಮತ್ತೆ ಆ ಮಾತು ಎತ್ತಲಿಲ್ಲ.

ಅಲ್ಲಿಂದ ಶುರುವಾದದ್ದು ಆಫೀಸುಗಳ ತಿರುಗಾಟ. ಕಾಲೇಜು ರಜೆ ಇದ್ದ ದಿನವೆಲ್ಲ ಅವರು ಯಾವುದಾದರೂ ಒಂದು ಬೆಂಚಿನ ಮೇಲೆ ಕುಳಿತಿರುತ್ತಿದ್ದರು, ಪಕ್ಕದಲ್ಲಿ ನಾಗಮ್ಮ. ಸಾಹೇಬರಿಲ್ಲ ಎಂದರೆ ಬರುವವರೆಗೆ ಕೂತರು. ಬೇರೆ ಟೇಬಲ್ಲಿಗೆ ಹೋಗಿ ಎಂದರೆ ಹೋದರು, ಅಲ್ಲಿಂದ ಮತ್ತೊಂದಕ್ಕೆ. ಹಿಂದಿನ ಇಂಜಿನಿಯರನ್ನೇ ಒಮ್ಮೆ ಮೆಟ್ಟಿಲಲ್ಲಿ ಹಿಡಿದರು. "ನೀವೇ ಅಲ್ಲವೇ ಅದು ಹೊಸದು ಎಂದು ತೋರಿಸಿದ್ದು?" ಎಂದು ಅವರು ಬೇಸರದಿಂದ ಕೇಳಿದರು.

"ಹೊಸದು ಅಂತ ತೋರಿಸೀನಿ. ಮನಿ ಅಲ್ಲ ಅಂತ ತೋರಿಸಿಲ್ಲ," ಎಂದರು ಅಕ್ಕೋರು ಮರಾಠಿಯಲ್ಲಿ. ಬೆಂಚಿನ ಮೇಲಿದ್ದ ನಾಗಮ್ಮನ ಕಡೆ ಕೈ ತೋರಿಸಿ, ಅದೇ ಮಾತನ್ನು ಅವಳಿಗೂ ಕೇಳುವಂತೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು.

ಮೊದಮೊದಲು ಬೆಂಚಿನ ಮೇಲೆ ಅವರಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಇರುತ್ತಿತ್ತು. ಮಳೆಗಾಲ ಕಳೆದು ಮತ್ತೊಂದು ಮಳೆಗಾಲ ಬರುವ ಹೊತ್ತಿಗೆ ಆ ಜಾಗದಲ್ಲಿ ಶೇಂಗಾದ ಪೊಟ್ಟಣ ಬಂದಿತ್ತು. ಸೇತುವೆಯ ಕೆಳಗಿನ ತಟ್ಟನ್ನು ಎರಡು ಸಲ ಕಿತ್ತೆಸೆದರು. ಎರಡು ಸಲವೂ ಮಾರನೆಯ ದಿನ ನಾಗಮ್ಮ ಬೆಂಚಿನ ಮೇಲೆ ಹಾಜರಿದ್ದಳು. ಇವರಲ್ಲಿ ಹಟ ಯಾರದು ಹೆಚ್ಚು ಎಂದು ನನಗೆ ಹೇಳಲಾಗುತ್ತಿರಲಿಲ್ಲ. ಪ್ರಿನ್ಸಿಪಾಲರು ಕರೆದು, ನೀವು ಪಾಠ ಮಾಡುವವರೋ ಅರ್ಜಿ ಕೊಡುವವರೋ ಎಂದು ಕೇಳಿದರಂತೆ. "ಪಾಠ ಒಂದೂ ಬಿಟ್ಟಿಲ್ರಿ," ಎಂದು ಹೇಳಿ ಎದ್ದು ಬಂದರಂತೆ.

ಕೊನೆಗೆ ಸಿಕ್ಕಿದ್ದು ಕೋಣೆಯಲ್ಲ. ಗುಡಿಸಲು ಕಳೆದುಕೊಂಡವರಿಗೆಂದು ಮಾನಖುರ್ದಿನ ಆಚೆ, ಸಮುದ್ರದ ಖಾಡಿಯ ಕೆಸರಿನ ಅಂಚಿಗೆ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಹಂಚುತ್ತಿದ್ದ ಜಾಗ. ಅದರಲ್ಲಿ ಒಂದು ಚೌಕ ನಾಗಮ್ಮನ ಹೆಸರಿಗೆ ಬಂತು. ನಾವು ಹೋದ ದಿನ ಅಲ್ಲಿ ನೆಲವೆಂಬುದೇ ಇರಲಿಲ್ಲ. ಕಾಲಿಟ್ಟರೆ ಕಪ್ಪು ನೀರು ಜಿನುಗುತ್ತಿತ್ತು. ಅಕ್ಕೋರು ಗೆರೆಯ ಸುತ್ತ ಒಮ್ಮೆ ನಡೆದರು. ಬೂಟು ಬಿಚ್ಚಿಟ್ಟರು. ಅವರ ಮುಖದಲ್ಲಿ ಸಂತೋಷ ಇತ್ತೆಂದು ಹೇಳಲಾರೆ. ಕೇಳಿದ್ದು ಇದಲ್ಲ ಎಂದು ಅವರಿಗೂ ಗೊತ್ತಿತ್ತು, ನಾಗಮ್ಮನಿಗೂ.

ನಾಗಮ್ಮನ ಗಂಡ ಎಲ್ಲಿಂದಲೋ ಇಟ್ಟಿಗೆ ಚೂರು, ಕೆಂಪು ಮಣ್ಣು ಹೊಂದಿಸಿ ಕೈಗಾಡಿಯಲ್ಲಿ ತಂದಿದ್ದ. ಪರಸಪ್ಪ ತನ್ನ ಹೊಸ ಮನೆಯಿಂದ ಮಗಳನ್ನೂ ಕರೆದುಕೊಂಡು ಬಂದು ಬುಟ್ಟಿ ಹೊರುತ್ತಿದ್ದ. ನಾಗಮ್ಮ ಸೀರೆ ಎತ್ತಿ ಕಟ್ಟಿ, ಚೌಕದ ನಡುವೆ ನಿಂತು, ಸುರಿದ ಮಣ್ಣನ್ನು ಹಿಮ್ಮಡಿಯಿಂದ ತುಳಿಯುತ್ತಿದ್ದಳು. ತುಳಿದಷ್ಟೂ ಕೆಸರು ನುಂಗುತ್ತಿತ್ತು. ಅವಳು ಮತ್ತೆ ತುಳಿದಳು. ಆಮೇಲೆ ನಿಂತು, ಸೆರಗಿನಿಂದ ಮುಖ ಒರಸಿಕೊಂಡು, ಅಷ್ಟು ದೂರದಿಂದಲೇ ಕೂಗಿದಳು:

"ಅಕ್ಕೋರ! ಈ ಸಲ ದಪ್ಪ ಹಾಕ್ತೀನಿ. ವರ್ಷಾ ವರ್ಷಾ ಹಾಕ್ತೀನಿ. ಯಾವ ಸಾಹೇಬ ಬಂದು ಅಗೀತಾನೋ ಅಗೀಲಿ."

"ಹಾಕವಾ," ಎಂದರು ಅಕ್ಕೋರು. ಸೆರಗು ಬಿಗಿದುಕೊಂಡು, ಕೈಗಾಡಿಯ ಹತ್ತಿರ ಹೋಗಿ, ತುಂಬಿದ ಬುಟ್ಟಿಯೊಂದರ ಅಂಚಿಗೆ ಕೈ ಹಾಕಿದರು. ನಾನು ಡ್ರಾಯಿಂಗಿನ ಹಲಗೆ ಹಿಡಿದು ನಿಂತೇ ಇದ್ದೆ.

"ಅದನ್ನ ಇಡ್ರಿ ಅತ್ತಾಗ," ಎಂದರು. "ಇವತ್ತು ಬರಕೊಳ್ಳೂದು ಏನೂ ಇಲ್ಲ. ಹಿಡೀರಿ ಈ ಕಡೆ."